ಕಿಡಿಯನ್ನು ನೆನಪಿಡುವ ಗಾಜು

ಕೇಳುಗರಿಗೆ ನಮಸ್ಕಾರ.

ಕರೆಂಟು ಬಂತೋ ಇಲ್ಲವೋ ಅಂತ ಪ್ಲಗ್ಗಿನ ತೂತಿಗೆ ಚುಚ್ಚಿ ನೋಡುವ ಟೆಸ್ಟರ್ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಹಿಡಿಯೊಳಗೆ ಕಿತ್ತಳೆ ಬಣ್ಣಕ್ಕೆ ಮಿಣುಕುವ ಪುಟ್ಟ ಬಲ್ಬನ್ನು ನೆನಪು ಮಾಡಿಕೊಳ್ಳಿ. ಆ ಬಲ್ಬಿನಲ್ಲಿ ಉರಿಯುವ ತಂತಿ ಇಲ್ಲ. ಒಂದಕ್ಕೊಂದು ತಾಗದ ಎರಡು ಲೋಹದ ಕಡ್ಡಿ, ಸುತ್ತ ಚಿಟಿಕೆಯಷ್ಟು ನಿಯಾನ್ ಅನಿಲ, ಅಷ್ಟೇ. ಇವತ್ತು ನಾನು ಹೇಳಹೊರಟಿರುವ ಪ್ಲಾಸ್ಮಾ ಟಿವಿ ಈ ಟೆಸ್ಟರ್ ಬಲ್ಬಿನ ದಾಯಾದಿ. ಬಲ್ಬು ಒಂದರ ಬದಲು ಹತ್ತಾರು ಲಕ್ಷ.

ನಾನು ದಾವಣಗೆರೆಯಲ್ಲಿ ಟಿವಿ ರಿಪೇರಿ ಮಾಡಿಕೊಂಡು ಬಂದವನು. ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಗಳಿಂದ ಹಿಡಿದು ಈಗಿನ ಎಲ್‌ಇಡಿವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿವೆ. ಪ್ಲಾಸ್ಮಾ ಒಂದನ್ನು ಮಾತ್ರ ಮಲಗಿಸಬಾರದು. ದೊಡ್ಡ ಗಾಜಿನ ಹಾಳೆಗಳು, ತಮ್ಮ ಭಾರಕ್ಕೆ ತಾವೇ ಬಿರುಕು ಬಿಡಬಹುದು. ಕೆಲವು ವರ್ಷದ ಹಿಂದೆ ನಮ್ಮೂರಿನ ದೋಸೆ ಹೋಟೆಲಿನ ಯಜಮಾನರೊಬ್ಬರು ಅಂಥ 42 ಇಂಚಿನದೊಂದನ್ನು ಇಬ್ಬರು ಹುಡುಗರ ಹೆಗಲ ಮೇಲೆ ಹೊರಿಸಿಕೊಂಡು ಬಂದರು. "ಸದ್ದು ಬರ್ತದೆ, ಚಿತ್ರ ಬರಂಗಿಲ್ಲ. ಏನ್ ಮಾಡ್ತೀಯೋ ಮಾಡಪ" ಅಂದರು.

ಅವರಿಗೆ ನಾನು ಅವರದೇ ಒಲೆಯ ಲೆಕ್ಕದಲ್ಲಿ ವಿಷಯ ಹೇಳಿದೆ. ಬೆಣ್ಣೆದೋಸೆಗೆ ಸೌದೆ ಒಲೆಯೇ ಬೇಕು ಅನ್ನುವ ಊರು ನಮ್ಮದು. ಬೆಳಗ್ಗೆ ಒಲೆ ಹೊತ್ತಿಸುವಾಗ ಚಕ್ಕೆ ಬೇಕು, ಸೀಮೆಎಣ್ಣೆ ಬೇಕು, ಊದಿ ಊದಿ ಕಣ್ಣಲ್ಲಿ ನೀರು ಬರಬೇಕು. ಒಮ್ಮೆ ಹೊತ್ತಿತೋ, ಆಮೇಲೆ ಆಗಾಗ ಒಂದು ಕೊರಡು ತಳ್ಳುತ್ತಿದ್ದರೆ ಸಾಕು. ಅನಿಲವೂ ಹಾಗೆಯೇ. ಟೆಸ್ಟರಿನ ನಿಯಾನ್ ಬಲ್ಬು ಹೊತ್ತಿಕೊಳ್ಳಲು ಸುಮಾರು 90 ವೋಲ್ಟ್ ಕೇಳುತ್ತದೆ. ಹೊತ್ತಿದ ಮೇಲೆ 60ಕ್ಕೆ ಇಳಿಸಿದರೂ ಆರುವುದಿಲ್ಲ.

ಯಾಕೆ ಹೀಗೆ? ಅನಿಲ ಸಾಮಾನ್ಯವಾಗಿ ವಿದ್ಯುತ್ತನ್ನು ಬಿಟ್ಟುಕೊಳ್ಳುವುದಿಲ್ಲ. ಆದರೆ ಅದರೊಳಗೆ ಎಲ್ಲೋ ಒಂದೆರಡು ಬಿಡಿ ಎಲೆಕ್ಟ್ರಾನುಗಳು ಅಲೆಯುತ್ತಿರುತ್ತವೆ. ವೋಲ್ಟೇಜು ಸಾಕಷ್ಟಿದ್ದರೆ ಅಂಥದೊಂದು ಎಲೆಕ್ಟ್ರಾನ್ ಓಡಿಹೋಗಿ ಪರಮಾಣುವಿಗೆ ಗುದ್ದಿ ಇನ್ನೊಂದು ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಒಂದು ಎರಡಾಯಿತು, ಎರಡು ನಾಲ್ಕು, ನಾಲ್ಕು ಎಂಟು. ಎಲೆಕ್ಟ್ರಾನ್ ಕಳಕೊಂಡ ಪರಮಾಣುಗಳು, ಅಂದರೆ ಅಯಾನುಗಳು, ಎದುರು ದಿಕ್ಕಿಗೆ ಓಡಿ ಅಲ್ಲಿಯ ಗೋಡೆಗೆ ಬಡಿದು ಇನ್ನಷ್ಟನ್ನು ಎಬ್ಬಿಸುತ್ತವೆ. ಹೀಗೆ ಎಲೆಕ್ಟ್ರಾನು, ಅಯಾನು ಕಲಸಿಕೊಂಡ ಸ್ಥಿತಿಗೇ ಪ್ಲಾಸ್ಮಾ ಅನ್ನುತ್ತಾರೆ. ರಕ್ತದ ಪ್ಲಾಸ್ಮಾಕ್ಕೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ಇದನ್ನೂ ಕೇಳಿದವರಿದ್ದಾರೆ, ಅದಕ್ಕೇ ಹೇಳಿದೆ.

1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಇದನ್ನು ಪರದೆಯಾಗಿಸಿದರು. ಅವರ ತಲೆಯಲ್ಲಿ ಟಿವಿ ಇರಲಿಲ್ಲ. ಕಂಪ್ಯೂಟರಿನ ಮೂಲಕ ಮಕ್ಕಳಿಗೆ ಪಾಠ ಹೇಳುವ ಪ್ಲೇಟೋ ಎಂಬ ವ್ಯವಸ್ಥೆಗೆ ಪರದೆ ಬೇಕಿತ್ತು. ಪಿಕ್ಚರ್ ಟ್ಯೂಬ್ ಇಟ್ಟರೆ ಅದು ಬರೆದದ್ದನ್ನು ಕ್ಷಣದಲ್ಲಿ ಮರೆಯುತ್ತದೆ, ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು, ಹಾಗೆ ಬರೆಯಲು ಚಿತ್ರವನ್ನು ಎಲ್ಲಾದರೂ ಜೋಪಾನ ಮಾಡಿಡಬೇಕು. ಆ ಕಾಲಕ್ಕೆ ಕಂಪ್ಯೂಟರ್ ಮೆಮೊರಿ ಅಂದರೆ ಬಂಗಾರದ ಬೆಲೆ. ಪರದೆಯೇ ನೆನಪಿಟ್ಟುಕೊಳ್ಳುವ ಹಾಗಿದ್ದರೆ?

ಇಲ್ಲಿ ಅವರು ಮಾಡಿದ ಕೆಲಸ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಟೆಸ್ಟರ್ ಬಲ್ಬಿನಲ್ಲಿ ಲೋಹದ ಕಡ್ಡಿ ಅನಿಲಕ್ಕೆ ನೇರ ತಾಗಿರುತ್ತದೆ. ಇವರು ಲೋಹದ ಗೆರೆಗಳನ್ನು ಅನಿಲದಿಂದ ಮರೆಮಾಡಿ, ನಡುವೆ ವಿದ್ಯುತ್ ಹರಿಯದ ಗಾಜಿನ ಪದರ ಇಟ್ಟರು. ಈಗ ಕಿಡಿ ಹೊತ್ತಿದರೆ ಎಲೆಕ್ಟ್ರಾನುಗಳು ಓಡಿ ಬಂದು ಆ ಪದರದ ಮೇಲೆ ಕೂರುತ್ತವೆ. ಮುಂದಕ್ಕೆ ದಾರಿಯಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಜನ ಜಮಾಯಿಸಿದಂತೆ ಅಲ್ಲೇ ಗುಂಪುಗೂಡಿ, ಹಿಂದೆ ಬರುವವರನ್ನು ತಡೆಯುತ್ತವೆ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಆಸುಪಾಸಿನಲ್ಲೇ ಕಿಡಿ ತಾನೇ ಆರಿಹೋಗುತ್ತದೆ. ಆದರೆ ಬಂದು ಕೂತವು ಎದ್ದು ಹೋಗುವುದಿಲ್ಲ. ಮರುಗಳಿಗೆ ವೋಲ್ಟೇಜನ್ನು ತಿರುವಿ ಕೊಟ್ಟಾಗ, ಮೊದಲು ಅಡ್ಡಗಟ್ಟಿದ್ದ ಅದೇ ಗುಂಪು ಈಗ ಹಿಂದಿನಿಂದ ನೂಕುತ್ತದೆ. ಹೊರಗಿನಿಂದ ಕೊಟ್ಟದ್ದು, ಒಳಗೆ ಕೂತದ್ದು ಎರಡೂ ಸೇರಿ ಕಿಡಿ ಮತ್ತೆ ಹೊತ್ತುತ್ತದೆ. ಪರದೆಯೆಂದರೆ ಹೀಗೆ ಅನಿಲ ತುಂಬಿದ ಪುಟ್ಟ ಪುಟ್ಟ ಕೋಣೆಗಳ ಸಾಲು. ಪಕ್ಕದಲ್ಲೇ ಒಮ್ಮೆಯೂ ಹೊತ್ತದ ಕೋಣೆಗೂ ಅದೇ ವೋಲ್ಟೇಜು ಬರುತ್ತಿದೆ, ಆದರೆ ಅಲ್ಲಿ ಕೂತವರು ಯಾರೂ ಇಲ್ಲ, ಅದು ಕತ್ತಲಾಗಿಯೇ ಉಳಿಯುತ್ತದೆ. ಹೊತ್ತಿದ್ದು ಹೊತ್ತುತ್ತಲೇ ಇರುತ್ತದೆ, ಆರಿದ್ದು ಆರಿಯೇ ಇರುತ್ತದೆ. ಅಳಿಸಬೇಕಾದರೆ ಒಂದು ಸಣ್ಣ ಮಿಡಿತ ಕೊಟ್ಟು ಆ ಗುಂಪನ್ನು ಚದುರಿಸಿದರಾಯಿತು.

ಇಷ್ಟು ಕೋಣೆಗಳಲ್ಲಿ ಬೇಕಾದ ಒಂದನ್ನು ಮಾತ್ರ ಹೊತ್ತಿಸುವುದು ಹೇಗೆ? ಹತ್ತಿ ಗಿರಣಿಗಳನ್ನು ಕಂಡ ದಾವಣಗೆರೆಯವರಿಗೆ, ಮಗ್ಗದ ಸದ್ದು ಕೇಳಿ ಬೆಳೆದ ಮೊಳಕಾಲ್ಮೂರಿನವರಿಗೆ ಇದನ್ನು ವಿವರಿಸುವುದು ಸಲೀಸು. ಹಾಸು, ಹೊಕ್ಕು. ಮುಂದಿನ ಗಾಜಿನ ಮೇಲೆ ಅಡ್ಡಡ್ಡ ಗೆರೆಗಳು, ಸಾಲಿಗೆ ಎರಡು. ಹಿಂದಿನ ಗಾಜಿನ ಮೇಲೆ ಉದ್ದುದ್ದ ಗೆರೆಗಳು. ಎಳೆ ಎಳೆಯನ್ನು ದಾಟುವ ಜಾಗವೇ ಒಂದು ಕೋಣೆ. ಒಂದು ಅಡ್ಡ ಗೆರೆಗೂ ಒಂದು ಉದ್ದ ಗೆರೆಗೂ ಒಟ್ಟಿಗೆ ವೋಲ್ಟೇಜು ಕೊಟ್ಟರೆ ಅವು ಕೂಡುವಲ್ಲಿ ಮಾತ್ರ ಕಿಡಿ ಹಾರುತ್ತದೆ. 852ಕ್ಕೆ 480 ಚುಕ್ಕಿಯ ಪರದೆಯಲ್ಲಿ, ಚುಕ್ಕಿಗೆ ಕೆಂಪು, ಹಸಿರು, ನೀಲಿ ಅಂತ ಮೂರರಂತೆ, 12 ಲಕ್ಷಕ್ಕೂ ಹೆಚ್ಚು ಕೋಣೆ. ಗಾಜುಗಳ ನಡುವಿನ ಸಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಲೆಕ್ಕದ್ದು. ಒಂದು ಕೋಣೆಯ ಬೆಳಕು ಪಕ್ಕದ್ದಕ್ಕೆ ಸೋರದಂತೆ ನಡುವೆ ಬದುಗಳು. ಮುಂದಿನ ಗಾಜಿನ ಒಳಮೈಗೆ ಮೆಗ್ನೀಸಿಯಂ ಆಕ್ಸೈಡಿನ ಲೇಪ, ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೂ ಕಡಿಮೆ. ಅಯಾನುಗಳ ಏಟು ತಡೆಯುವುದೂ ಅದೇ, ಏಟು ಬಿದ್ದಾಗ ಧಾರಾಳವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದೂ ಅದೇ. ಅದಿಲ್ಲದಿದ್ದರೆ ಇನ್ನೂ ಹೆಚ್ಚು ವೋಲ್ಟೇಜು ಸುರಿಯಬೇಕಿತ್ತು.

ಮೊದಲ ಪರದೆಗಳು ಟೆಸ್ಟರಿನಂತೆಯೇ ಬರೀ ಕಿತ್ತಳೆ. ನಿಯಾನಿನ ಹುಟ್ಟುಗುಣ ಅದು. ಬಣ್ಣ ಬಂದದ್ದು ಟ್ಯೂಬ್‌ಲೈಟಿನ ಉಪಾಯದಿಂದ. ಟ್ಯೂಬ್‌ಲೈಟಿನೊಳಗೆ ಪಾದರಸದ ಆವಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿಡುತ್ತದೆ, ಗಾಜಿಗೆ ಬಳಿದ ಬಿಳಿ ಪುಡಿ ಅದನ್ನು ಕಾಣುವ ಬೆಳಕಾಗಿಸುತ್ತದೆ. ಪ್ಲಾಸ್ಮಾದಲ್ಲಿ ಪಾದರಸದ ಬದಲು ಕ್ಸೆನಾನ್. ನಿಯಾನಿಗೆ ಅದನ್ನು ಸ್ವಲ್ಪ ಬೆರೆಸುತ್ತಾರೆ. ಅದು ಬಿಡುವ ಕಿರಣದ ಅಲೆಯುದ್ದ ಮುಖ್ಯವಾಗಿ 147 ನ್ಯಾನೋಮೀಟರ್. ಕೋಣೆಗಳ ಗೋಡೆಗೆ ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು, ಒಂದರಲ್ಲಿ ನೀಲಿ ಬೆಳಗುವ ಪುಡಿ. 1990ರ ದಶಕದಲ್ಲಿ ಜಪಾನಿನ ಫುಜಿತ್ಸು ಮೊದಲು 21 ಇಂಚಿನ, ಆಮೇಲೆ 42 ಇಂಚಿನ ಬಣ್ಣದ ಪರದೆ ಮಾಡಿತು.

ಒಂದು ತೊಡಕು ಉಳಿಯಿತು. ಕಿಡಿ ಒಂದೋ ಹೊತ್ತುತ್ತದೆ, ಇಲ್ಲವೇ ಇಲ್ಲ. ಅರೆ ಹೊತ್ತುವುದು ಅಂತಿಲ್ಲ. ಹಾಗಾದರೆ ಮುಖದ ಮೇಲಿನ ನೆರಳು, ಸಂಜೆಯ ಮಬ್ಬು ಹೇಗೆ ಬರಬೇಕು? ನಮ್ಮ ಅಜ್ಜಿ ಅಕ್ಕಿ ಅಳೆಯುತ್ತಿದ್ದ ಅಳತೆಗಳನ್ನು ನೋಡಿ: ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಈ ಐದೇ ಪಾತ್ರೆ ಇಟ್ಟುಕೊಂಡು ಯಾವುದು ಬೇಕೋ ಅದನ್ನು ತುಂಬಿ, ಬೇಡದ್ದನ್ನು ಬಿಟ್ಟರೆ, ಚಟಾಕಿನಿಂದ 31 ಚಟಾಕಿನವರೆಗೆ ಯಾವ ಅಳತೆಯನ್ನೂ ಕೊಡಬಹುದು. ಪ್ಲಾಸ್ಮಾದಲ್ಲಿ ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಇಂಥ ಎಂಟು ಅಥವಾ ಹೆಚ್ಚು ತುಂಡು ಮಾಡುತ್ತಾರೆ. ಒಂದು ಪಾಲು, ಎರಡು, ನಾಲ್ಕು, ಹೀಗೆ 128ರವರೆಗೆ. ಪ್ರತಿ ತುಂಡಿನಲ್ಲೂ ಕೋಣೆ ಹೊತ್ತಬೇಕೋ ಬೇಡವೋ ಎಂದು ಬರೆದು, ಆಮೇಲೆ ಆ ಪಾಲಿನಷ್ಟು ಸಲ ಕಿಡಿ ಹಾರಿಸುತ್ತಾರೆ. ಎಂಟು ತುಂಡಿಗೆ 256 ಮಟ್ಟದ ಬೆಳಕು. ಕೂಡಿಸುವ ಕೆಲಸ ಮಾಡುವುದು ಟಿವಿಯಲ್ಲ, ನಮ್ಮ ಕಣ್ಣು. "600 ಹರ್ಟ್ಸ್" ಅಂತ ಅಂಗಡಿಯವರು ಚೀಟಿ ಅಂಟಿಸಿ ಮಾರುತ್ತಿದ್ದರಲ್ಲ, ಅದು ಈ ತುಂಡುಗಳ ಲೆಕ್ಕ, ಸೆಕೆಂಡಿಗೆ ಆರುನೂರು ಚಿತ್ರ ಬರುತ್ತದೆ ಅಂತಲ್ಲ.

ಚಿತ್ರದ ವಿಷಯದಲ್ಲಿ ಪ್ಲಾಸ್ಮಾಕ್ಕೆ ನಾನು ಇವತ್ತಿಗೂ ಓಟು ಹಾಕುತ್ತೇನೆ. ಕಪ್ಪು ಅಂದರೆ ಕಪ್ಪು, ಪಕ್ಕದಲ್ಲಿ ಕೂತವರಿಗೂ ಬಣ್ಣ ಕೆಡುವುದಿಲ್ಲ, ಚೆಂಡು ಬೌಂಡರಿಗೆ ಓಡಿದರೆ ಬಾಲ ಬರುವುದಿಲ್ಲ. ಕರೆಂಟಿನ ವಿಷಯ ಮಾತ್ರ ಕೇಳಬೇಡಿ. ಟ್ಯೂಬ್‌ಲೈಟು ವ್ಯಾಟಿಗೆ 60, 70 ಲುಮೆನ್ ಬೆಳಕು ಕೊಡುವಲ್ಲಿ ಇದು ಕೊಡುವುದು ಒಂದೆರಡು. ಉಳಿದದ್ದೆಲ್ಲ ಶಾಖ. ಎಲ್‌ಸಿಡಿ ಅಗ್ಗವಾಗುತ್ತ, ದೊಡ್ಡದಾಗುತ್ತ ಬಂದ ಹಾಗೆ ಇದರ ಆಟ ಮುಗಿಯಿತು. 2008ರಲ್ಲಿ 150 ಇಂಚಿನ ಪ್ಲಾಸ್ಮಾ ತೋರಿಸಿ ಬೀಗಿದ್ದ ಪ್ಯಾನಾಸೋನಿಕ್ 2013ರ ಕೊನೆಗೆ ತಯಾರಿಕೆಯನ್ನೇ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ ಮರುವರ್ಷ ಬಾಗಿಲು ಹಾಕಿದವು.

ಹೋಟೆಲಿನ ಟಿವಿಯ ಕಥೆ ಅರ್ಧಕ್ಕೆ ಬಿಟ್ಟೆ. ಹಿಂಬದಿ ಬಿಚ್ಚಿ, ಕೆಪಾಸಿಟರುಗಳಲ್ಲಿ ಉಳಿದಿದ್ದ ಕರೆಂಟು ಇಳಿಯುವವರೆಗೆ ಚಹಾ ಕುಡಿದು ಕೂತೆ. ಪ್ಲಗ್ ಕಿತ್ತರೂ ಅಲ್ಲಿ 180 ವೋಲ್ಟಿನಷ್ಟು ಕಾದು ಕೂತಿರುತ್ತದೆ, ದಯವಿಟ್ಟು ಮನೆಯಲ್ಲಿ ಯಾರೂ ಬಿಚ್ಚಬೇಡಿ. ಕಿಡಿ ಹಾರಿಸುವ ಬೋರ್ಡು ಸುಟ್ಟಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ಗಾಜು ಒಡೆದ ಇನ್ನೊಂದು ಸೆಟ್ಟಿನ ಬೋರ್ಡು ತೆಗೆದು ಕೂರಿಸಿ, ಪರದೆಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿದ್ದ ವೋಲ್ಟೇಜಿಗೆ ಹೊಂದಿಸಿದೆ. ಚಿತ್ರ ಬಂತು.

ಚಿತ್ರದ ಜೊತೆ ಇನ್ನೊಂದೂ ಬಂತು. ಕ್ರಿಕೆಟ್ ಮೈದಾನದ ಹಸಿರಿನ ಮೇಲೆ ಮಸುಕು ಮಸುಕಾಗಿ "ಖಾಲಿ, ಓಪನ್, ಬೆಣ್ಣೆ" ಎಂಬ ಅಕ್ಷರಗಳು, ಎದುರಿಗೆ ರೂಪಾಯಿ. ವರ್ಷಗಟ್ಟಲೆ ಪೆನ್‌ಡ್ರೈವ್ ಹಾಕಿ ಬೆಳಗಿನಿಂದ ರಾತ್ರಿವರೆಗೆ ದರಪಟ್ಟಿ ಓಡಿಸಿದ್ದರಂತೆ. ಅಕ್ಷರ ಇದ್ದ ಜಾಗದ ಪುಡಿ ಹೆಚ್ಚು ಉರಿದು ಬೇಗ ಮುದಿಯಾಗಿತ್ತು.

"ಇದನ್ನ ಅಳಿಸಿ ಕೊಡಪ" ಅಂದರು ಯಜಮಾನರು. ಗಾಜಿನ ಮೇಲೆ ಕೂತ ಎಲೆಕ್ಟ್ರಾನುಗಳನ್ನು ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಲ ಅಳಿಸಬಹುದು, ಮುದಿಯಾದ ಪುಡಿಯನ್ನು ಆಗುವುದಿಲ್ಲ ಅಂತ ಹೇಳಿದೆ.

"ಹಂಗಂದ್ರೆ ಹೆಂಗೋ ಮಾರಾಯ? ಅದರಾಗಿರೋದು ಹಳೇ ರೇಟು!"