ಹಿಂದಿನ ಕಾರಿನ ಕ್ಯಾಮೆರಾ

ನಮಸ್ಕಾರ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಒಂದು ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಗುಂಡ್ಲುಪೇಟೆಯಿಂದ ಊಟಿಗೆ ಹೋಗೋ ರಸ್ತೆ, ಕೆಕ್ಕನಹಳ್ಳದ ಹತ್ತಿರ. ರಸ್ತೆಯಲ್ಲಿ ಒಂಟಿ ಆನೆ, ಎದುರಿಗೆ ಸೆಲ್ಫಿ ತೆಗೆಯೋಕೆ ಹೋದ ಒಬ್ಬಾತ. ಆನೆ ಅಟ್ಟಿಸಿಕೊಂಡು ಬಂತು, ಅವನು ಮುಗ್ಗರಿಸಿ ಬಿದ್ದ, ಆನೆ ಕಾಲಿಗೆ ಸಿಕ್ಕಿಯೂ ಬದುಕಿದ. ಆನೆ ಮನಸ್ಸು ಮಾಡಿದ್ರೆ ಬದುಕ್ತಿರಲಿಲ್ಲ, ಬಿಡಿ. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿ, ತಪ್ಪೊಪ್ಪಿಗೆಯ ವಿಡಿಯೋನೂ ಮಾಡಿಸ್ತು.

ಊರೆಲ್ಲ ಅವನನ್ನ ಬೈತು. ನಾನೂ ಬೈದೆ. ಎರಡನೇ ಸಲ ನೋಡುವಾಗ ತಲೆಗೆ ಬಂತು: ಇದನ್ನ ಚಿತ್ರೀಕರಿಸಿದ್ದು ಯಾರು? ಸಾಲಾಗಿ ನಿಂತಿದ್ದ ಗಾಡಿಗಳ ಒಳಗಿಂದ ಕೈಗಳು ಹೊರಗೆ ಬಂದಿದ್ವಲ್ಲ, ಅವರು. ಆ ರಸ್ತೆಯುದ್ದಕ್ಕೂ 'ವಾಹನ ನಿಲ್ಲಿಸಬೇಡಿ' ಅಂತ ಬೋರ್ಡು ಇದೆ. ಮುಂದಿನವನು ಇಳಿದು ಹೋದ, ಹಿಂದಿನವನು ಕೂತಲ್ಲೇ ಕಾದ, ಏನಾದ್ರೂ ಆಗಲಿ ಅಂತ.

ಆನೆ ರಸ್ತೆ ಬದಿಗೆ ಬಂದು ನಿಲ್ಲೋದು ಹುಟ್ಟುಗುಣ ಅಲ್ಲ. ಊಟಿ ಕಡೆಯಿಂದ ಕ್ಯಾರೆಟ್ ಲಾರಿ ಬರುತ್ತೆ. ಚಾಮರಾಜನಗರ–ಸತ್ಯಮಂಗಲ ರಸ್ತೆಯಲ್ಲಿ ಕಬ್ಬಿನ ಲಾರಿ. ಯಾರೋ ಒಬ್ಬ ಡ್ರೈವರ್ ಪಾಪ ಅಂತ ಎರಡು ಜಲ್ಲೆ ಎಸೆದಿರ್ತಾನೆ. ತಾಯಿ ಕಲಿತದ್ದನ್ನ ಮರಿ ಕಲಿಯುತ್ತೆ. ಆಮೇಲೆ ಲಾರಿ ಬಂದ್ರೆ ಸೊಂಡಿಲು ಚಾಚೋದೇ ಅಭ್ಯಾಸ. ಆಗ ನಾವು 'ಟೋಲ್ ವಸೂಲಿ' ಅಂತ ಕ್ಯಾಪ್ಷನ್ ಹಾಕಿ ನಗ್ತೀವಿ.

ನಾನೇನೂ ಸಾಚಾ ಅಲ್ಲ. ವರ್ಷಗಳ ಹಿಂದೆ ನಮ್ಮ ಭಾವ ಅದೇ ಕಾಡುರಸ್ತೆಯಲ್ಲಿ ಕಾರು ನಿಧಾನ ಮಾಡಿ ಗ್ಲಾಸ್ ಇಳಿಸಿದ್ರು. ಮೊರದಗಲ ಕಿವಿ ಅಗಲಿಸಿ ಒಂದು ಹೆಣ್ಣಾನೆ ನಮ್ಮನ್ನೇ ನೋಡ್ತಿತ್ತು. 'ಭಾವ, ಹೊರಡಿ' ಅನ್ನೋದು ಬಿಟ್ಟು ನಾನು ಫೋನ್ ಝೂಮ್ ಮಾಡ್ತಾ ಕೂತಿದ್ದೆ. ಕಿವಿ ಅಗಲಿಸಿದ್ದು ನಮಗೆ ಪೋಸ್ ಕೊಡೋಕೆ ಅಂದ್ಕೊಂಡಿದ್ದೆ, ದಡ್ಡ! ಅದರ ಹೊಟ್ಟೆ ಕೆಳಗೆ ಮರಿ ಇತ್ತು. ಮನೆಗೆ ಬಂದು ವಿಡಿಯೋ ನೋಡಿದಾಗಲೇ ಕಂಡಿದ್ದು.

ಮಾರನೇ ದಿನದ ಹೆಡ್‌ಲೈನ್ ಮಾತ್ರ ಯಾವಾಗಲೂ ಒಂದೇ, 'ಕಾಡಾನೆ ದಾಳಿ'. ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಓಡಬಾರದು ಅಂತ 2009ರಲ್ಲಿ ನಿಷೇಧ ಬಂತು, ಅದನ್ನ ತೆಗೀರಿ ಅನ್ನೋ ಒತ್ತಡ ಇನ್ನೂ ನಿಂತಿಲ್ಲ. ಆ ಒಂಬತ್ತು ಗಂಟೆ ಬಿಟ್ರೆ ಉಳಿದ ಹೊತ್ತೆಲ್ಲ ಆನೆಯ ಅಂಗಳದಲ್ಲಿ ಹಾರ್ನ್ ಹೊಡೆಯೋರು ನಾವು. ಆದ್ರೂ ದಾಳಿ ಮಾಡಿದ್ದು ಅದು! ಹೀಗೆ ನಾಲ್ಕು ಸಲ ಸುದ್ದಿಯಾದ ಆನೆಗೆ 'ಪುಂಡಾನೆ' ಅಂತ ಹೆಸರು ಬೀಳುತ್ತೆ. ಆಮೇಲೆ ಸಾಕಾನೆಗಳು, ಅರಿವಳಿಕೆ ಮದ್ದು, ಸರಪಳಿ, ಲಾರಿ, ಶಿಬಿರ. ಆ ಭಾಗಕ್ಕೆ ಇಷ್ಟು ವ್ಯೂಸ್ ಬರಲ್ಲ.

25,000 ದಂಡ ಸಾಲದು ಅನ್ನೋರಿದ್ದಾರೆ. ನನಗೆ ಮೊತ್ತದ ತಕರಾರಿಲ್ಲ. ಇಳಿದವನ ಹಿಂದೆ ಗಾಡಿ ನಿಲ್ಲಿಸಿ ವಿಡಿಯೋ ಮಾಡಿದವನ ನಂಬರ್ ಪ್ಲೇಟಿಗೂ ರಸೀದಿ ಹೋಗಬೇಕು. ಸಾಕ್ಷಿ ಬೇಕಾ? ಅವನೇ ಅಪ್‌ಲೋಡ್ ಮಾಡಿರ್ತಾನಲ್ಲ.

ಈ ಎಪಿಸೋಡಿನ ಥಂಬ್‌ನೇಲಿಗೆ ಆ ಆನೆ ಓಡಿಸ್ಕೊಂಡು ಬರೋ ಫ್ರೇಮೇ ಹಾಕೋಣ ಅಂದ ನಮ್ಮ ಎಡಿಟರ್. ಬೇಡ ಅಂದೆ. ಖಾಲಿ ರಸ್ತೆಯ ಫೋಟೋ ಹಾಕಿದ್ದೀವಿ. ಯಾರೂ ಕ್ಲಿಕ್ ಮಾಡಲ್ಲ ಅಂತ ಅವನು ಇನ್ನೂ ಗೊಣಗ್ತಾ ಇದ್ದಾನೆ.