ಬಾಣಲೆಯಲ್ಲಿ ಸಿಕ್ಕ ಉತ್ತರ

ಕೇಳುಗರಿಗೆ ನಮಸ್ಕಾರ. ನಮ್ಮ ಶಿರಸಿಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟೇ ಇಲ್ಲ. ಶಾಲೆಯಿಂದ ನೆನೆದು ಬಂದ ಮಕ್ಕಳು ಕೇಳುವುದು ಒಂದೇ, ನೂಡಲ್ಸ್ ಮಾಡಿಕೊಡು ಅಂತ. ನೀರು ಕುದಿಸಿ ಪೊಟ್ಟಣ ಒಡೆದು ಹಾಕಿದರೆ ಆಯಿತು. ಈ ದಿಢೀರ್ ನೂಡಲ್ಸ್ ಕಂಡುಹಿಡಿದವರು ಜಪಾನಿನ ಮೊಮೊಫುಕು ಆಂಡೋ. ಅವರ ಬದುಕಿನ ಬಗ್ಗೆ ಓದಿದಾಗಿನಿಂದ ನಿಮಗೆಲ್ಲ ಹೇಳಬೇಕು ಅನಿಸುತ್ತಿತ್ತು.

ಆಂಡೋ ಹುಟ್ಟಿದ್ದು 1910ರಲ್ಲಿ, ತೈವಾನಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಹೋದರು, ಅಜ್ಜ ಅಜ್ಜಿ ಸಾಕಿದರು. ಮುಂದೆ ಜಪಾನಿನ ಒಸಾಕಾಕ್ಕೆ ಬಂದು ಏನೇನೋ ವ್ಯಾಪಾರ ಮಾಡಿದರು. ಎರಡನೇ ಮಹಾಯುದ್ಧ ಮುಗಿದಾಗ ಆ ಊರಲ್ಲಿ ಎಲ್ಲಿ ನೋಡಿದರೂ ಹಸಿವು. ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ, ಅಂದರೆ ಸಾರಿನಲ್ಲಿ ಹಾಕಿದ ನೂಡಲ್ಸಿಗಾಗಿ, ಜನ ಚಳಿಯಲ್ಲಿ ಉದ್ದಕ್ಕೆ ಸಾಲು ನಿಂತಿದ್ದನ್ನು ಕಂಡರು, ಆ ಸಾಲು ಅವರ ಮನಸ್ಸಿನಿಂದ ಹೋಗಲೇ ಇಲ್ಲ. ನಡುವೆ ತೆರಿಗೆ ಪ್ರಕರಣದಲ್ಲಿ ಜೈಲಿಗೂ ಹೋದರು. 1957ರಲ್ಲಿ ಅವರು ಮುಖ್ಯಸ್ಥರಾಗಿದ್ದ ಪತ್ತಿನ ಸಂಘ ಮುಳುಗಿತು. ಉಳಿದಿದ್ದು ಮನೆಯೊಂದೇ. ವಯಸ್ಸು 47. ನಮ್ಮಲ್ಲಾದರೆ ಇನ್ನು ಸುಮ್ನೆ ಇದ್ದುಬಿಡು ಅನ್ನುತ್ತಿದ್ದರು, ಅಲ್ವಾ?

ಅವರು ಒಸಾಕಾ ಹತ್ತಿರದ ಇಕೆಡಾದ ಮನೆಯ ಹಿತ್ತಲಲ್ಲಿ ಒಂದು ಶೆಡ್ ಕಟ್ಟಿಸಿ, ಹಳೆಯ ಯಂತ್ರವೊಂದನ್ನು ತಂದಿಟ್ಟುಕೊಂಡು, ದಿನಕ್ಕೆ ನಾಲ್ಕು ಗಂಟೆ ಮಾತ್ರ ನಿದ್ದೆ ಮಾಡುತ್ತ ಒಬ್ಬರೇ ಹಿಟ್ಟು ನಾದುತ್ತ ಕೂತರು. ಶಾವಿಗೆ ಕೆಡದಂತೆ ಒಣಗಬೇಕು, ಆದರೆ ಬಿಸಿನೀರು ಬಿದ್ದ ಕೂಡಲೇ ಮೆತ್ತಗಾಗಬೇಕು. ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ. ಒಂದು ದಿನ ಹೆಂಡತಿ ಅಡುಗೆಮನೆಯಲ್ಲಿ ಟೆಂಪುರಾ ಕರಿಯುತ್ತಿದ್ದರು. ಟೆಂಪುರಾ ಅಂದರೆ ಹೆಚ್ಚುಕಮ್ಮಿ ನಮ್ಮ ಬಜ್ಜಿಯೇ. ಹಿಟ್ಟಿನಿಂದ ಗುಳ್ಳೆ ಏಳುವುದನ್ನು ನೋಡಿದ ಆಂಡೋಗೆ ದಾರಿ ಸಿಕ್ಕಿಬಿಟ್ಟಿತು!

ಇದು ನಮ್ಮ ಕಡೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಆಯಿ ಹಲಸಿನಕಾಯಿ ಚಿಪ್ಸ್ ಕರಿಯುವಾಗ ಬಾಣಲೆಯನ್ನು ಸರಿಯಾಗಿ ನೋಡುವುದೂ ಇಲ್ಲ, ಕಿವಿ ಕೊಟ್ಟು ನಿಲ್ಲುತ್ತಾಳೆ. ಹೆಚ್ಚಿದ ಸೊಳೆ ಎಣ್ಣೆಗೆ ಬಿದ್ದ ಕೂಡಲೇ ಚೊಂಯ್ ಅಂತ ಗುಳ್ಳೆ ಉಕ್ಕುತ್ತದೆ. ಅದು ಒಳಗಿನ ನೀರು ಹೊರಗೆ ಓಡುವ ಸದ್ದು. ಸದ್ದು ಸಣ್ಣಗಾಗಿ, ಚಿಪ್ಸು ಒಂದಕ್ಕೊಂದು ತಾಗಿ ಗರಗರ ಅಂದಾಗ ತೆಗೆಯುತ್ತಾಳೆ. ನೂಡಲ್ಸಿನಲ್ಲೂ ಹೀಗೆಯೇ. ನೀರು ಹೊರಟ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ, ಆಮೇಲೆ ಬಿಸಿನೀರು ಹಾಕಿದರೆ ಅದೇ ತೂತುಗಳಿಂದ ಒಳಗೆ ನುಗ್ಗುತ್ತದೆ. ಒಣಗಿಸುವ ಕೆಲಸ ಬಾಣಲೆಯಲ್ಲೇ ಮುಗಿಯಿತು.

1958ರ ಆಗಸ್ಟ್ 25ರಂದು ಅದು ಚಿಕನ್ ರಾಮೆನ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಬೆಲೆ 35 ಯೆನ್. ಅಂಗಡಿಯ ತಾಜಾ ನೂಡಲ್ಸಿಗಿಂತ ಎಷ್ಟೋ ಜಾಸ್ತಿ, ಆದರೂ ಜನ ಕೊಂಡರು. 1966ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿಯವರು ಬಟ್ಟಲಿಲ್ಲದೆ ನೂಡಲ್ಸ್ ಮುರಿದು ಲೋಟಕ್ಕೆ ಹಾಕಿ, ಬಿಸಿನೀರು ಸುರಿದು, ಫೋರ್ಕಿನಲ್ಲಿ ತಿಂದಿದ್ದನ್ನು ಕಂಡರು. ಬೇರೆಯವರಾದರೆ ಹಾಗಲ್ಲ ಹೀಗೆ ಅಂತ ತಿದ್ದುತ್ತಿದ್ದರೇನೋ. ಇವರು ಊರಿಗೆ ಮರಳಿ 1971ರಲ್ಲಿ ಕಪ್ ನೂಡಲ್ಸ್ ತಂದರು. ನನಗೆ ಆಂಡೋ ತುಂಬ ಇಷ್ಟವಾಗುವುದು ಇದಕ್ಕೇ. ತಿನ್ನುವವರ ಕೈಯನ್ನೂ, ಕರಿಯುವವರ ಕೈಯನ್ನೂ ಅವರು ಒಂದೇ ಗೌರವದಿಂದ ನೋಡಿದರು.

ತೀರಿಕೊಂಡಿದ್ದು 2007ರ ಜನವರಿಯಲ್ಲಿ, 96ನೇ ವಯಸ್ಸಿನಲ್ಲಿ. ಅದಕ್ಕೆ ಒಂದೂವರೆ ವರ್ಷ ಮೊದಲು, 2005ರಲ್ಲಿ, ಸೊಯಿಚಿ ನೊಗುಚಿ ಎಂಬ ಗಗನಯಾತ್ರಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ನೂಡಲ್ಸ್ ಒಯ್ದಿದ್ದರು. ಅಲ್ಲಿ ನೀರು ಕುದಿಸುವ ಹಾಗಿಲ್ಲ, ಸಾರು ಚೆಲ್ಲಿದರೆ ಹಾರಾಡುತ್ತದೆ. ಅದಕ್ಕೇ ಸಾರನ್ನು ಮಂದ ಮಾಡಿ, 70 ಡಿಗ್ರಿ ಬಿಸಿನೀರಿನಲ್ಲೇ ಮೆತ್ತಗಾಗುವ ಹಾಗೆ, ಬಾಯಿಗೆ ಒಂದೊಂದೇ ಹಾಕಿಕೊಳ್ಳುವಷ್ಟು ಸಣ್ಣ ಉಂಡೆ ಮಾಡಿ ಕಳಿಸಿದ್ದರು. ಅದನ್ನು ಮಾಡಿಸಿದ್ದೂ ಆಂಡೋ ಅವರೇ, 95ರ ವಯಸ್ಸಿನಲ್ಲಿ.