ಮೌತ್ ಆರ್ಗನ್ನಿನಲ್ಲಿ ಸಿಗದ ರಿಷಭ

ಕೇಳುಗರಿಗೆ ನಮಸ್ಕಾರ.

ನಾನು ಆರನೇ ತರಗತಿಯಲ್ಲಿದ್ದಾಗ, ಊರಿನ ಜಾತ್ರೆಗೆ ಬಂದ ನನ್ನ ಸೋದರಮಾವ ಒಂದು ಮೌತ್ ಆರ್ಗನ್ ತಂದುಕೊಟ್ಟರು. ಎರಡು ತಗಡಿನ ಹೊದಿಕೆಗಳ ನಡುವೆ ಹತ್ತು ಚೌಕನೆಯ ತೂತುಗಳಿದ್ದ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾಗಿದ್ದ ಆ ವಾದ್ಯದ ಒಂದು ತುದಿಯಲ್ಲಿ ಇಂಗ್ಲಿಷಿನ 'ಸಿ' ಅಕ್ಷರ ಕೆತ್ತಿತ್ತು. ಅದೇ ವರ್ಷ ನಾನು ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ವೀಣೆ ಮೇಷ್ಟರ ಬಳಿ ಪಾಠಕ್ಕೆ ಹೋಗತೊಡಗಿದ್ದೆ. ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ಮೊದಲ ಸಾಲು ಬಾಯಿಗೆ ಬಂದದ್ದೇ ತಡ, ಅದನ್ನು ಮೌತ್ ಆರ್ಗನ್ನಿನಲ್ಲಿ ನುಡಿಸಲು ಕುಳಿತೆ. ನಾಲ್ಕನೆಯ ತೂತಿನಲ್ಲಿ ಊದಿದರೆ ಷಡ್ಜ, ಅಂದರೆ ಸ, ಸರಿಯಾಗಿ ಬಂತು. ಅದೇ ತೂತಿನಲ್ಲಿ ಉಸಿರನ್ನು ಒಳಗೆ ಎಳೆದುಕೊಂಡಾಗ ಬಂದ ರಿಷಭ, ಅಂದರೆ ರಿ, ಮಾತ್ರ ಮೇಷ್ಟರು ಹೇಳಿಕೊಟ್ಟ ರಿಷಭವಾಗಿರಲಿಲ್ಲ. ಅದು ಒಂದು ಮೆಟ್ಟಿಲು ಹೆಚ್ಚಿಗೆ ಹತ್ತಿ ನಿಂತಿತ್ತು. ಮರುದಿನ ಮೇಷ್ಟರು ವಾದ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, "ಆ ರಿಷಭ ಈ ಡಬ್ಬಿಯೊಳಗೆ ಇಲ್ಲ ಮಗು, ಎಷ್ಟು ಊದಿದರೂ ಬರೋದಿಲ್ಲ" ಎಂದರು. ಅವರ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಪಾಶ್ಚಾತ್ಯರು ವಾದ್ಯಗಳನ್ನು ಡಯಾಟೋನಿಕ್ ಎಂದೂ ಕ್ರೊಮ್ಯಾಟಿಕ್ ಎಂದೂ ವಿಂಗಡಿಸುವುದುಂಟು. ಕ್ರೊಮ್ಯಾಟಿಕ್ ಎಂಬ ಮಾತು ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮ 'ರಾಗ' ಶಬ್ದಕ್ಕೂ ಬಣ್ಣವೆಂಬ ಅರ್ಥವಿದೆಯೆಂಬುದು ನನಗೆ ಯಾವಾಗಲೂ ಸೊಗಸಾಗಿ ಕಾಣುವ ಸಂಗತಿ. ಷಡ್ಜದಿಂದ ಮೇಲಿನ ಷಡ್ಜದವರೆಗಿನ ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿವೆ ಎಂಬುದನ್ನು ಹಾರ್ಮೋನಿಯಮ್ಮಿನ ಮುಂದೆ ಕುಳಿತವರೆಲ್ಲ ಬಲ್ಲರು: ಏಳು ಬಿಳಿ ಮನೆ, ಐದು ಕಪ್ಪು ಮನೆ. ಈ ಹನ್ನೆರಡೂ ಸಿದ್ಧವಾಗಿ ದೊರೆಯುವ ವಾದ್ಯ ಕ್ರೊಮ್ಯಾಟಿಕ್. ಕಪ್ಪು ಮನೆಗಳನ್ನು ಕಿತ್ತುಹಾಕಿ ಬಿಳಿಯ ಏಳನ್ನು ಮಾತ್ರ ಉಳಿಸಿದರೆ ಹೇಗಿರುತ್ತದೆಯೋ ಹಾಗಿರುವುದು ಡಯಾಟೋನಿಕ್.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಏಳು ಸ್ವರಗಳಿದ್ದ ಮಾತ್ರಕ್ಕೆ ವಾದ್ಯ ಡಯಾಟೋನಿಕ್ ಆಗುವುದಿಲ್ಲ. ಆ ಏಳು ಸ್ವರಗಳ ನಡುವಣ ಅಂತರ ಒಂದು ಗೊತ್ತಾದ ಕ್ರಮದಲ್ಲಿರಬೇಕು. ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನದು ಅರ್ಧಾಂತರ, ಅದರ ಎರಡರಷ್ಟು ಪೂರ್ಣ ಅಂತರ. ಬಿಳಿ ಮನೆಗಳ ಮೇಲೆ ಷಡ್ಜದಿಂದ ಹೊರಟರೆ ಎರಡು ಪೂರ್ಣ ಅಂತರ, ಒಂದು ಅರ್ಧ, ಮತ್ತೆ ಮೂರು ಪೂರ್ಣ, ಕೊನೆಗೊಂದು ಅರ್ಧ. ಕರ್ನಾಟಕ ಸಂಗೀತದವರಿಗೆ ಇದು ಮೇಳಗಳೆಂಬ ಮೂಲರಾಗಗಳಲ್ಲಿ 29ನೆಯದಾದ ಧೀರಶಂಕರಾಭರಣ, ಹಿಂದುಸ್ತಾನಿಯವರಿಗೆ ಬಿಲಾವಲ್. ನಾವು ಸರಳೆ ವರಸೆ ಕಲಿಯುವ ಮಾಯಾಮಾಳವಗೌಳದಲ್ಲಿಯೂ ಏಳೇ ಸ್ವರಗಳಿದ್ದರೂ, ಅಲ್ಲಿ ರಿಷಭ ಷಡ್ಜಕ್ಕೆ ಅಂಟಿಕೊಂಡಿದೆ, ಗಾಂಧಾರ ಮಧ್ಯಮಕ್ಕೆ ಅಂಟಿಕೊಂಡಿದೆ, ಅವೆರಡರ ನಡುವೆ ಮೂರು ಅರ್ಧಾಂತರಗಳ ಕಂದಕವಿದೆ. ಬಿಳಿ ಮನೆಗಳಲ್ಲಿ ಎಲ್ಲಿಂದ ಹೊರಟರೂ ಅಂಥ ಕಂದಕ ಸಿಗುವುದಿಲ್ಲ. ನನ್ನ ಡಬ್ಬಿಯ ತೊಂದರೆ ಇದೇ ಆಗಿತ್ತು.

ಹಾಗೆಂದು ಡಯಾಟೋನಿಕ್ ವಾದ್ಯ ಒಂದೇ ರಾಗಕ್ಕೆ ಕಟ್ಟಿಹಾಕಿದ್ದೂ ಅಲ್ಲ. ಗ್ರಹಭೇದವನ್ನು ಬಲ್ಲವರು ಶಂಕರಾಭರಣದ ರಿಷಭವನ್ನೇ ಷಡ್ಜವೆಂದುಕೊಂಡು ಖರಹರಪ್ರಿಯವನ್ನೂ, ಗಾಂಧಾರದಿಂದ ಹನುಮತೋಡಿಯನ್ನೂ, ಮಧ್ಯಮದಿಂದ ಕಲ್ಯಾಣಿಯನ್ನೂ, ಪಂಚಮದಿಂದ ಹರಿಕಾಂಭೋಜಿಯನ್ನೂ, ಧೈವತದಿಂದ ನಟಭೈರವಿಯನ್ನೂ ಪಡೆಯುತ್ತಾರೆ. ನಿಷಾದದಿಂದ ಹೊರಟರೆ ಪಂಚಮವೇ ಇಲ್ಲದ್ದರಿಂದ ಅದನ್ನು ಬಿಡಬೇಕು. ಒಂದೇ ಬಿಳಿ ಸಾಲಿನಲ್ಲಿ ಆರು ಮೇಳಗಳು, ಅವುಗಳಿಂದ ಹುಟ್ಟಿದ ಮೋಹನ, ಹಿಂದೋಳ, ಮಧ್ಯಮಾವತಿಯಂಥ ಎಷ್ಟೋ ರಾಗಗಳ ಸ್ವರಗಳು ಅಡಗಿವೆ. ಆದರೆ ಒಂದು ಷರತ್ತಿದೆ: ರಾಗ ಬದಲಾದಂತೆ ಶ್ರುತಿಯೂ, ಅಂದರೆ ಷಡ್ಜದ ಎತ್ತರವೂ, ಬದಲಾಗುತ್ತದೆ, ಹಾಡುವವರು ವಾದ್ಯದ ಹಿಂದೆ ಅಲೆಯಬೇಕಾಗುತ್ತದೆ.

ಈಗ ಮೌತ್ ಆರ್ಗನ್ನಿನ ಒಳಗನ್ನು ನೋಡೋಣ. ಹತ್ತು ತೂತುಗಳಿಗೆ ಇಪ್ಪತ್ತು ಹಿತ್ತಾಳೆಯ ರೀಡುಗಳು, ಅಂದರೆ ಗಾಳಿಗೆ ಮಿಡಿಯುವ ತೆಳು ನಾಲಿಗೆಗಳು. ಪ್ರತಿ ತೂತಿಗೂ ಊದಿದಾಗ ಮಿಡಿಯುವುದೊಂದು, ಎಳೆದಾಗ ಮಿಡಿಯುವುದೊಂದು. ನಡುವಿನ ನಾಲ್ಕರಿಂದ ಏಳನೆಯ ತೂತಿನವರೆಗೆ ಸಪ್ತಸ್ವರಗಳು ಪೂರ್ತಿಯಾಗಿವೆ: ನಾಲ್ಕರಲ್ಲಿ ಊದಿದರೆ ಸ, ಎಳೆದರೆ ರಿ; ಐದರಲ್ಲಿ ಗ, ಮ; ಆರರಲ್ಲಿ ಪ, ದ. ಏಳಕ್ಕೆ ಬಂದಾಗ ಕ್ರಮ ತಿರುಗುಮುರುಗಾಗಿ, ಎಳೆದರೆ ನಿ, ಊದಿದರೆ ಮೇಲಿನ ಸ. ಹೊಸಬರೆಲ್ಲ ಮುಗ್ಗರಿಸುವುದು ಇಲ್ಲೇ. ಎಡಗಡೆಯ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಮಧ್ಯಮ, ಧೈವತಗಳೇ ಇಲ್ಲ; ಬಲಗಡೆಯ ತುದಿಯಲ್ಲಿ ನಿಷಾದವಿಲ್ಲ. ಅಂದರೆ ಈ ಡಯಾಟೋನಿಕ್ ವಾದ್ಯದಲ್ಲಿ ಏಳು ಸ್ವರಗಳೂ ಎಲ್ಲೆಡೆ ನೆಟ್ಟಗಿಲ್ಲ. ಇದು ತಯಾರಿಸಿದವರ ಅಜಾಗರೂಕತೆಯಲ್ಲ. ಜರ್ಮನಿಯ ಟ್ರೊಸಿಂಗೆನ್ ಎಂಬ ಪಟ್ಟಣದಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದ ಮತ್ತಿಯಾಸ್ ಹೋನರ್ 1857ರಲ್ಲಿ ಈ ವಾದ್ಯಗಳ ತಯಾರಿಕೆಗೆ ಕೈಹಾಕಿದಾಗ, ಕೊಳ್ಳುತ್ತಿದ್ದವರು ತಮ್ಮ ಜಾನಪದ ಹಾಡುಗಳಿಗೆ ತಾವೇ ಸ್ವರಮೇಳವನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನು, ಕೂಡಿಸಿಕೊಳ್ಳಬಯಸುವ ಸಾಮಾನ್ಯ ಜನರು. ಅಕ್ಕಪಕ್ಕದ ಮೂರು ತೂತುಗಳನ್ನು ಒಟ್ಟಿಗೆ ಊದಿದರೆ ಎಲ್ಲಿ ಊದಿದರೂ ಸ, ಗ, ಪ ಕೂಡಿ ಕೇಳಬೇಕು. ಎಡಗಡೆ ಒಟ್ಟಿಗೆ ಎಳೆದರೆ ಪಂಚಮದ ಮೇಲೆ ನಿಂತ ಸ್ವರಮೇಳ ಬರಬೇಕು. ಮಂದ್ರದ ಮಧ್ಯಮ, ಧೈವತಗಳನ್ನು ಅದಕ್ಕಾಗಿಯೇ ಬಲಿಕೊಟ್ಟಿದ್ದಾರೆ.

ಕ್ರೊಮ್ಯಾಟಿಕ್ ಮೌತ್ ಆರ್ಗನ್ನಿನ ಗುರುತು ಅದರ ಬಲತುದಿಯಲ್ಲಿರುವ ಗುಂಡಿ. ಸಾಮಾನ್ಯವಾಗಿ ಹನ್ನೆರಡು ತೂತು, ನಲವತ್ತೆಂಟು ರೀಡು. ಗುಂಡಿ ಒತ್ತಿದಾಗ ಒಳಗಿನ ಒಂದು ಪಟ್ಟಿ ಜಾರಿ, ಗಾಳಿಯನ್ನು ಅರ್ಧಾಂತರ ಮೇಲಿರುವ ಇನ್ನೊಂದು ಜೊತೆ ರೀಡುಗಳ ಕಡೆಗೆ ತಿರುಗಿಸುತ್ತದೆ. ಹೀಗೆ ಒಂದೊಂದು ತೂತಿಗೂ ನಾಲ್ಕು ಸ್ವರ. ನಾಲ್ಕು ತೂತುಗಳಲ್ಲಿ ಒಂದು ಸ್ಥಾಯಿಯ ಹನ್ನೆರಡೂ ಸ್ಥಾನಗಳು ಮುಗಿದು, ಕೆಲವು ಎರಡೆರಡು ಸಲ ಬರುತ್ತವೆ. ಬೆಲ್ಜಿಯಂನ ಟೂಟ್ಸ್ ಥೀಲೆಮನ್ಸ್ ಜಾಜ್ ನುಡಿಸಿ ಹೆಸರಾದದ್ದು ಈ ವಾದ್ಯದಲ್ಲಿ. ಅಂಗಡಿಯಲ್ಲಿ ಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು: ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ, ಎರಡು ಸಾಲಿನಲ್ಲಿ ಸಣ್ಣ ಸಣ್ಣ ತೂತುಗಳಿರುವ ಉದ್ದನೆಯ ಮೌತ್ ಆರ್ಗನ್ ಕ್ರೊಮ್ಯಾಟಿಕ್ ಅಲ್ಲ. ಅಲ್ಲಿ ಒಂದೇ ಸ್ವರಕ್ಕೆ ಎರಡು ರೀಡುಗಳನ್ನು ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿಟ್ಟು ದನಿ ನಡುಗುವಂತೆ ಮಾಡಿರುತ್ತಾರೆ, ಅಷ್ಟೇ. ತೂತುಗಳ ಲೆಕ್ಕ ನೋಡಿ ಮೋಸಹೋಗಬಾರದು, ಗುಂಡಿ ಇದೆಯೇ ಎಂದು ನೋಡಬೇಕು.

ಯೂರೋಪಿನ ಇತರ ವಾದ್ಯಗಳೂ ಇದೇ ದಾರಿಯಲ್ಲಿ ನಡೆದಿವೆ. ಹಾರ್ಪ್ ಎಂಬ ತಂತಿವಾದ್ಯದ ತಂತಿಗಳು ಇಂದಿಗೂ ಸ್ಥಾಯಿಗೆ ಏಳರಂತೆಯೇ ಇವೆ. 1810ರಲ್ಲಿ ಸೆಬಾಸ್ಟಿಯನ್ ಎರಾರ್ ಅಳವಡಿಸಿದ ವ್ಯವಸ್ಥೆಯಲ್ಲಿ ಏಳು ಪೆಡಲುಗಳು ಒಂದೊಂದು ಸ್ವರದ ಎಲ್ಲ ತಂತಿಗಳನ್ನೂ ಒಟ್ಟಿಗೆ ಅರ್ಧಾಂತರದಂತೆ ಎರಡು ಹಂತ ಏರಿಸುತ್ತವೆ. ಕೈ ಏಳು ಸ್ವರವನ್ನು ನುಡಿಸುತ್ತಿದ್ದರೆ, ಕಾಲು ಹನ್ನೆರಡನ್ನು ಕಾಯುತ್ತಿರುತ್ತದೆ.

ಈ ಚರ್ಚೆ ನಮ್ಮ ನಾಡಿನಲ್ಲಿ ನಡೆದೇ ಇಲ್ಲವೆಂದು ಯಾರಾದರೂ ಭಾವಿಸಿದ್ದರೆ, ಅವರು ವಿಜಯನಗರದ ಕಾಲಕ್ಕೆ ಹೋಗಬೇಕು. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಬರೆದ 'ಸ್ವರಮೇಳಕಲಾನಿಧಿ'ಯಲ್ಲಿ ವೀಣೆಗಳ ವಿವರ ಬರುತ್ತದೆ. ಅವುಗಳಲ್ಲೊಂದರ ಹೆಸರೇ ಅಚ್ಯುತರಾಜೇಂದ್ರಮೇಳವೀಣೆ. ಈ ಶಾಸ್ತ್ರಪರಂಪರೆ ವೀಣೆಯನ್ನು ಮೆಟ್ಟಿಲುಗಳ, ಅಂದರೆ ತಂತಿಯಡಿಯ ಅಡ್ಡಪಟ್ಟಿಗಳ, ಜೋಡಣೆಯ ದೃಷ್ಟಿಯಿಂದ ಎರಡು ಬಗೆಯಾಗಿ ಹೇಳುತ್ತದೆ: ಏಕರಾಗಮೇಳವೀಣೆ ಮತ್ತು ಸರ್ವರಾಗಮೇಳವೀಣೆ. ಮೊದಲನೆಯದರಲ್ಲಿ ನುಡಿಸಬೇಕಾದ ರಾಗಕ್ಕೆ ಬೇಕಾದ ಸ್ವರಗಳಿಗಷ್ಟೇ ಮೆಟ್ಟಿಲುಗಳಿರುತ್ತವೆ, ರಾಗ ಬದಲಾದರೆ ಮೆಟ್ಟಿಲುಗಳನ್ನು ಕದಲಿಸಬೇಕು. ಎರಡನೆಯದರಲ್ಲಿ ಎಲ್ಲ ಸ್ವರಸ್ಥಾನಗಳಿಗೂ ಮೆಟ್ಟಿಲುಗಳಿದ್ದು ಯಾವ ರಾಗಕ್ಕೂ ಏನನ್ನೂ ಕದಲಿಸಬೇಕಾಗಿಲ್ಲ. ಡಯಾಟೋನಿಕ್, ಕ್ರೊಮ್ಯಾಟಿಕ್ ಎಂಬ ಮಾತುಗಳಿಗೆ ಇವು ಅಕ್ಷರಶಃ ಸಮಾನವಲ್ಲದಿದ್ದರೂ, ನನ್ನ ಮಟ್ಟಿಗೆ ಇವು ಹೆಚ್ಚು ಸ್ಪಷ್ಟವಾದ ಮಾತುಗಳು. ಏಕೆಂದರೆ ವಾದ್ಯದಲ್ಲಿ ಎಷ್ಟು ಸ್ವರಗಳಿವೆ ಎಂಬುದಕ್ಕಿಂತ, ಸ್ವರಗಳ ಆಯ್ಕೆಯನ್ನು ಯಾರು, ಯಾವಾಗ ಮಾಡುತ್ತಾರೆ ಎಂಬುದನ್ನು ಇವು ಹೇಳುತ್ತವೆ. ಏಕರಾಗದ ವೀಣೆಯಲ್ಲಿ ಆಯ್ಕೆ ಕಚೇರಿಗೆ ಮುಂಚೆಯೇ ಮುಗಿದಿರುತ್ತದೆ, ಬೆರಳು ತಪ್ಪಿದರೂ ಅನ್ಯಸ್ವರ ತಗಲುವ ಭಯ ಕಡಿಮೆ. ಸರ್ವರಾಗದ ವೀಣೆಯಲ್ಲಿ ಆಯ್ಕೆಯ ಹೊರೆಯೆಲ್ಲ ನುಡಿಸುವವರ ಬೆರಳಿನ ಮೇಲೆ. ದಾರದಿಂದ ಬಿಗಿದ ಮೆಟ್ಟಿಲುಗಳನ್ನು ರಾಗಕ್ಕೆ ತಕ್ಕಂತೆ ಸರಿಸಿಕೊಳ್ಳುವ ಸಿತಾರ್ ವಾದಕರಲ್ಲಿಯೂ, ಬಟ್ಟಲುಗಳಿಗೆ ನೀರು ಹೆಚ್ಚುಕಡಿಮೆ ಮಾಡುವ ಜಲತರಂಗದವರಲ್ಲಿಯೂ ಆ ಹಳೆಯ ಏಕರಾಗದ ಪದ್ಧತಿ ಸ್ವಲ್ಪಮಟ್ಟಿಗೆ ಉಳಿದಿದೆ.

ನಮ್ಮ ಇಂದಿನ ಸರಸ್ವತಿ ವೀಣೆ ಸರ್ವರಾಗದ್ದು. ಇಪ್ಪತ್ತನಾಲ್ಕು ಮೆಟ್ಟಿಲುಗಳು, ಅಂದರೆ ಪ್ರತಿ ತಂತಿಗೂ ಎರಡು ಸ್ಥಾಯಿಗಳ ಎಲ್ಲ ಅರ್ಧಾಂತರಗಳು. ಮೇಷ್ಟರ ಮನೆಯ ಜಗಲಿಯಲ್ಲಿ ಒಮ್ಮೆ ವೀಣೆಗೆ ಮೇಳ ಕಟ್ಟುವುದನ್ನು ನೋಡಿದ್ದೆ. ದಂಡಿಯ ಮೇಲಿನ ಎರಡು ಅಂಚುಗಳಿಗೆ ಕಪ್ಪು ಮೇಣವನ್ನು ಮೆತ್ತಿ, ಲೋಹದ ಮೆಟ್ಟಿಲನ್ನು ಅದರಲ್ಲಿ ಊರಿ, ತಂತಿ ಮೀಟಿ, ಕಿವಿಗೊಟ್ಟು, ಹೆಬ್ಬೆರಳಿನಿಂದ ನೂಲೆಳೆಯಷ್ಟು ಆಚೆ ತಳ್ಳಿ, ಮತ್ತೆ ಮೀಟಿ, ಆ ಕುಶಲಕರ್ಮಿ ಇಡೀ ಮಧ್ಯಾಹ್ನ ಕಳೆದರು. 'ಮೇಳ' ಎಂಬ ಮಾತು ರಾಗಗಳ ವರ್ಗಕ್ಕೂ ಮೆಟ್ಟಿಲುಗಳ ಜೋಡಣೆಗೂ ಒಂದೇ ಆಗಿರುವುದು ಆಕಸ್ಮಿಕವಲ್ಲವೆಂದು ಆ ದಿನ ನನಗೆ ಮನವರಿಕೆಯಾಯಿತು.

ಆದರೆ ಹನ್ನೆರಡೂ ಸ್ವರಸ್ಥಾನಗಳಿದ್ದರೆ ನಮ್ಮ ಸಂಗೀತಕ್ಕೆ ಸಾಕೇ? ಸಾಲದು. ವೀಣೆಯಲ್ಲಿ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ, ಅಂದರೆ ಸ್ವರದ ಓಲಾಟ, ಹಿಡಿಯಬಹುದು. ಹಾರ್ಮೋನಿಯಮ್ಮಿನಲ್ಲಿ ಹನ್ನೆರಡೂ ಮನೆಗಳು ಮುಚ್ಚಿದ ಬಾಗಿಲುಗಳು, ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿಯಿಲ್ಲ. ಈ ಕೊರತೆಯನ್ನು ಮುಂದುಮಾಡಿಯೇ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧ ಹಾಕಿತು. ಅದು ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಬಾನುಲಿಯಲ್ಲಿ ಕುಳಿತು ಇದನ್ನು ಹೇಳುವಾಗ ಸ್ವಲ್ಪ ಮುಜುಗರವಾಗುತ್ತದೆ. ದೋಷವನ್ನು ಗುರುತಿಸಿದ್ದು ಸರಿಯಿರಬಹುದು, ಶಿಕ್ಷೆ ಮಾತ್ರ ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಇದಕ್ಕೆ ವಿರುದ್ಧವಾದ ಉದಾಹರಣೆ ಕದ್ರಿ ಗೋಪಾಲನಾಥರದು. ಅವರು ನಾಗಸ್ವರದ ಮನೆತನದಿಂದ ಬಂದವರು. ನಾಗಸ್ವರಕ್ಕೆ ಬೆರಳಾಡಿಸಲು ಇರುವುದು ಏಳು ರಂಧ್ರ. ಲೆಕ್ಕಕ್ಕೆ ಅದು ಏಳು ಸ್ವರದ ವಾದ್ಯ. ಆದರೆ ರಂಧ್ರವನ್ನು ಅರೆಬರೆ ಮುಚ್ಚಿ, ತುಟಿಯ ಬಿಗಿ ಬದಲಿಸಿ, ಉಸಿರಿನ ಒತ್ತಡ ಏರಿಳಿಸಿ ಅದರಲ್ಲಿ ಹನ್ನೆರಡಲ್ಲ, ಅವುಗಳ ನಡುವಿನದನ್ನೂ ಹೊರಡಿಸುತ್ತಾರೆ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ಸ್ಯಾಕ್ಸಫೋನನ್ನು ಕದ್ರಿಯವರು ಕೈಗೆತ್ತಿಕೊಂಡಾಗ ಪರಿಸ್ಥಿತಿ ತಲೆಕೆಳಗಾಗಿತ್ತು. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಆ ವಾದ್ಯದಲ್ಲಿ ಕೀಲಿ ಒತ್ತಿದರೆ ಹನ್ನೆರಡು ಸ್ವರಗಳೂ ಸಿದ್ಧ, ಆದರೆ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಮುಚ್ಚಳವಿರುವುದರಿಂದ ಅರೆಬರೆ ಮುಚ್ಚುವ ಸ್ವಾತಂತ್ರ್ಯವೇ ಇಲ್ಲ. ನಾಗಸ್ವರದಲ್ಲಿ ಕಲಿತ ತುಟಿ ಮತ್ತು ಉಸಿರಿನ ವಿದ್ಯೆಯನ್ನು ಅಲ್ಲಿಗೆ ಒಯ್ದು, ವಾದ್ಯದಲ್ಲಿಯೂ ಕೆಲವು ಮಾರ್ಪಾಡು ಮಾಡಿಕೊಂಡು, ಅವರು ಆ ಕೊಳವೆಯಿಂದ ಗಮಕವನ್ನು ಹೊರಡಿಸಿದರು.

ನನ್ನ ಡಬ್ಬಿಗೆ ಮರಳುತ್ತೇನೆ. ಹತ್ತು ತೂತಿನ ಮೌತ್ ಆರ್ಗನ್ನಿನಲ್ಲಿ ಉಸಿರೆಳೆಯುವಾಗ ನಾಲಿಗೆಯ ಹಿಂಭಾಗವನ್ನು ತಗ್ಗಿಸಿ ಬಾಯಿಯ ಒಳಗಿನ ಆಕಾರವನ್ನು ಬದಲಿಸಿದರೆ, ಸ್ವರ ಬಾಗಿ ಕೆಳಕ್ಕೆ ಇಳಿಯುತ್ತದೆ. ಒಂದೇ ತೂತಿನ ಎರಡು ರೀಡುಗಳು ಪರಸ್ಪರ ಪ್ರಭಾವ ಬೀರುವುದರಿಂದ ಹೀಗಾಗುತ್ತದೆ. ಆದ್ದರಿಂದ ಸ್ವರ ಬಾಗುವುದು ಆ ಎರಡು ಸ್ವರಗಳ ನಡುವಣ ಅಂತರದೊಳಗೆ ಮಾತ್ರ. ಐದನೆಯ ತೂತಿನ ಗ, ಮಗಳ ನಡುವೆ ಜಾಗವಿಲ್ಲ, ಅಲ್ಲಿ ಹೊಸ ಸ್ವರ ಸಿಗುವುದಿಲ್ಲ. ನಾಲ್ಕನೆಯ ತೂತಿನ ಸ, ರಿಗಳ ನಡುವೆ ಒಂದು ಸ್ವರಸ್ಥಾನವಿದೆ. ಅದು ಶುದ್ಧ ರಿಷಭ. ಆರನೆಯ ತೂತಿನ ಪ, ದಗಳ ನಡುವೆ ಇನ್ನೊಂದಿದೆ. ಅದು ಶುದ್ಧ ಧೈವತ. ಮಾಯಾಮಾಳವಗೌಳಕ್ಕೆ ಬೇಕಾಗಿದ್ದದ್ದು ಆ ಎರಡೇ! ಗುಂಡಿಯ ಮೌತ್ ಆರ್ಗನ್ನಿನಲ್ಲಿ ರೀಡುಗಳಿಗೆ ತೆಳುವಾದ ತಡೆಪಟ್ಟಿಗಳನ್ನು ಅಂಟಿಸಿರುವುದರಿಂದ ಈ ಬಗೆಯ ಬಾಗು ಅಲ್ಲಿ ಬರುವುದಿಲ್ಲ. ಅಮೆರಿಕದ ಬ್ಲೂಸ್ ಗಾಯಕರು ಹನ್ನೆರಡು ಸ್ವರದ ವಾದ್ಯ ಕೈಗೆಟುಕುವಂತಿದ್ದರೂ ಹತ್ತು ತೂತಿನದನ್ನೇ ಹೆಚ್ಚಾಗಿ ನೆಚ್ಚಿಕೊಂಡದ್ದಕ್ಕೆ ಆ ಬಾಗಿದ ಸ್ವರದ ಅಳಲೂ ಒಂದು ಕಾರಣ.

ಮೇಷ್ಟರು ಇಂದು ಇಲ್ಲ. ಅವರು ಕಲಿಸಿದ ಮೊದಲ ವರಸೆ ಮಧ್ಯಸ್ಥಾಯಿಯಲ್ಲಿ ಈಗ ಆ ಡಬ್ಬಿಯಲ್ಲೇ ಬರುತ್ತದೆ. ಮಂದ್ರದಲ್ಲಿ ಧೈವತಕ್ಕಾಗಿ ಮೂರನೆಯ ತೂತಿನ ನಿಷಾದವನ್ನು ಮೂರು ಅರ್ಧಾಂತರ ಕೆಳಕ್ಕೆ ಬಗ್ಗಿಸಬೇಕು; ಹತ್ತು ಸಲಕ್ಕೆ ನಾಲ್ಕು ಸಲ ಸರಿಯಾಗಿ ನಿಲ್ಲುತ್ತದೆ. ತಾರಸ್ಥಾಯಿಯ ಶುದ್ಧ ರಿಷಭ ಎಳೆದು ಬಗ್ಗಿಸಿದರೆ ಬರುವಂಥದ್ದಲ್ಲ. ಅದಕ್ಕೆ ಅಮೆರಿಕದ ಹೋವರ್ಡ್ ಲೆವಿಯವರು 1970ರ ಸುಮಾರಿಗೆ ರೂಢಿಗೆ ತಂದಂಥ, ಉಸಿರನ್ನು ಇನ್ನಷ್ಟು ಬಿಗಿಯಾಗಿ ನಡೆಸುವ ವಿದ್ಯೆ ಬೇಕು. ಏಳನೆಯ ತೂತಿನಲ್ಲಿ ಅದನ್ನು ದಿನವೂ ಯತ್ನಿಸುತ್ತಿದ್ದೇನೆ; ಸದ್ಯಕ್ಕೆ ಬರುತ್ತಿರುವುದು ಬಾಗಿಲು ಕಿರುಗುಟ್ಟಿದಂಥ ಸದ್ದು.

ನಮಸ್ಕಾರ.